ಫ್ಲಿಂಡರ್ಸ್ ಬೆಟ್ಟಗಳಲ್ಲಿ ಮೂರು ರಾತ್ರಿ: ಮನೆಮಂದಿಯ ಜೊತೆ ಕ್ಯಾರವಾನ್ ನಿಲ್ಲಿಸಿ ಆರಾಮಾಗಿ ಇರುವುದು ಹೇಗೆ

ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ಗೆ, ಅಂದರೆ ಒಳನಾಡಿನ ಒಣ ಸೀಮೆಗೆ, ಕ್ಯಾರವಾನ್ (ಕಾರಿನ ಹಿಂದೆ ಎಳೆಯುವ ಮನೆಗಾಡಿ) ತಗೊಂಡು ಹೋಗುವ ಯೋಚನೆ ಇದ್ದರೆ ದಯವಿಟ್ಟು ಹತ್ತು ಊರುಗಳ ಪಟ್ಟಿ ಮಾಡಬೇಡಿ. ಒಂದೇ ಜಾಗ ಆರಿಸಿ, ಅಲ್ಲಿ ಕನಿಷ್ಠ ಮೂರು ರಾತ್ರಿ ಇರಿ. ದಿನಾ ಗಾಡಿ ಬಿಚ್ಚಿ, ದಿನಾ ಕಟ್ಟಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಐದೈದು ಗಂಟೆ ಕೂರಿಸಿಕೊಂಡು ಓಡಿಸಿದರೆ ಯಾರಿಗೂ ರಜೆ ಅನ್ನಿಸುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರಂತೂ ಇನ್ನೂ ಕಷ್ಟ, ಅವರು ಸಾಕಾಯ್ತು ಅಂತ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ರೇಂಜಸ್. ಅಡಿಲೇಡ್‌ನಿಂದ ಸುಮಾರು 430 ಕಿ.ಮೀ. ಪೂರ್ತಿ ಟಾರು ರಸ್ತೆ. ಕೆಂಪು ಮಣ್ಣು, ಬೆಟ್ಟ, ಎಮು, ಕಾಂಗರೂ, ಕತ್ತಲ ಆಕಾಶ, ಎಲ್ಲವೂ ಅಲ್ಲೇ ಸಿಗುತ್ತವೆ. ಇನ್ನೂ ಸಾವಿರ ಕಿಲೋಮೀಟರ್ ಒಳಗೆ ಹೋಗುವ ಅಗತ್ಯ ಇಲ್ಲ.

ಎಲ್ಲಿ, ಯಾವಾಗ

ಇಲ್ಲಿ ವಿಲ್ಪೀನಾ ಪೌಂಡ್ ಅಂತ ಒಂದಿದೆ. ಸುತ್ತಲೂ ಬೆಟ್ಟದ ಗೋಡೆ, ನಡುವೆ ತಗ್ಗು, ಒಂದು ದೊಡ್ಡ ಬೋಗುಣಿಯ ಹಾಗೆ. ಸುಮಾರು 17 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಕ್ಯಾರವಾನ್ ನಿಲ್ಲಿಸುವುದಕ್ಕೆ ಮುಖ್ಯವಾಗಿ ಎರಡು ಜಾಗಗಳಿವೆ. ವಿಲ್ಪೀನಾದ ಕ್ಯಾಂಪ್‌ಗ್ರೌಂಡ್ ರಾಷ್ಟ್ರೀಯ ಉದ್ಯಾನದ ಒಳಗೇ ಇದೆ, ಅಂಗಡಿ ಇದೆ, ಪೆಟ್ರೋಲ್ ಸಿಗುತ್ತದೆ, ನಡೆಯುವ ದಾರಿಗಳು ಅಲ್ಲಿಂದಲೇ ಶುರು. ಇನ್ನೊಂದು, ಹಾಕರ್ ಊರಿಂದ ಸುಮಾರು 35 ಕಿ.ಮೀ. ದೂರದ ರಾನ್ಸ್‌ಲಿ ಪಾರ್ಕ್ ಸ್ಟೇಷನ್ (ಇಲ್ಲಿ ಸ್ಟೇಷನ್ ಅಂದರೆ ಕುರಿ ಸಾಕುವ ದೊಡ್ಡ ಜಮೀನು). ಅದು ಪೌಂಡ್‌ನ ಹೊರಗೆ, ದಕ್ಷಿಣ ಮಗ್ಗುಲಲ್ಲಿದೆ, ಬೆಟ್ಟದ ಸಾಲು ಎದುರಿಗೇ ಕಾಣುತ್ತದೆ. ನಡೆಯುವ ಹುರುಪಿನ ಮಕ್ಕಳಿದ್ದರೆ ವಿಲ್ಪೀನಾ. ಕುರ್ಚಿ ಹಾಕಿಕೊಂಡು ಬೆಟ್ಟ ನೋಡುತ್ತಾ ಕೂರುವ ಹಿರಿಯರಿದ್ದರೆ ರಾನ್ಸ್‌ಲಿ. ಎರಡಕ್ಕೂ ಹೋಗಲು ಹವಣಿಸಬೇಡಿ.

ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಇಲ್ಲಿನ ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿ, ಬಿಸಿಲು 40 ಡಿಗ್ರಿ ದಾಟುತ್ತದೆ, ನೊಣಗಳ ಕಾಟ ಬೇರೆ. ಜೂನ್, ಜುಲೈಯಲ್ಲಿ ಹಗಲು ಹಿತವಾಗಿರುತ್ತದೆ, ಆದರೆ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದೂ ಉಂಟು. ಆಗ ಹೀಟರ್ ಇರುವ ಕ್ಯಾರವಾನ್ ಬೇಕು, ಇಲ್ಲವಾದರೆ ಉಣ್ಣೆ ಟೋಪಿ, ದಪ್ಪ ರಜಾಯಿ. ಶಾಲೆ ರಜೆಯ ದಿನಗಳಲ್ಲಿ ಕರೆಂಟು ಇರುವ ಸೈಟುಗಳು (ಗಾಡಿ ನಿಲ್ಲಿಸುವ ಜಾಗಗಳು) ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಬುಕ್ ಮಾಡುವಾಗ ‘ಡ್ರೈವ್ ಥ್ರೂ’ ಸೈಟು ಕೊಡಿ ಅಂತ ಕೇಳಿ. ಹಿಂದಕ್ಕೆ ತೆಗೆಯುವ ತಲೆನೋವು ಇಲ್ಲದೆ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರಬಹುದು.

ಹೊರಡುವ ಮೊದಲು ತೂಕ

ಎಲ್ಲಕ್ಕಿಂತ ಮುಖ್ಯವಾದ, ಜನ ಎಲ್ಲಕ್ಕಿಂತ ಕಡಿಮೆ ಗಮನ ಕೊಡುವ ವಿಷಯ ಇದು. ನಿಮ್ಮ ಕಾರು ಎಷ್ಟು ಎಳೆಯಬಹುದು ಅನ್ನುವುದು ಅದರ ಕೈಪಿಡಿಯಲ್ಲಿದೆ. ಕ್ಯಾರವಾನ್ ತುಂಬಿದಾಗ ಎಷ್ಟು ತೂಗಬಹುದು ಅನ್ನುವುದು ಅದರ ಮೇಲಿನ ಪ್ಲೇಟಿನಲ್ಲಿ ಎಟಿಎಂ ಅಂತ ಬರೆದಿರುತ್ತದೆ. ಖಾಲಿ ತೂಕ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. 80 ಲೀಟರ್ ನೀರಿನ ಟ್ಯಾಂಕ್ ತುಂಬಿದರೆ ಅದೇ 80 ಕಿಲೋ, ಮೇಲೆ ಎರಡು ಗ್ಯಾಸ್ ಸಿಲಿಂಡರ್, ಮೇಜು ಕುರ್ಚಿ, ಮಕ್ಕಳ ಸೈಕಲ್, ಅಮ್ಮ ಕಟ್ಟಿಕೊಂಡು ಬಂದ ಅಕ್ಕಿ ಬೇಳೆ, ನೋಡನೋಡುತ್ತಲೇ 300 ಕಿಲೋ ಆಗಿಹೋಗುತ್ತದೆ. ಟೋ ಬಾಲ್ (ಕಾರಿನ ಹಿಂದೆ ಕ್ಯಾರವಾನ್ ಕೊಂಡಿ ಕೂರುವ ಗುಂಡು) ಮೇಲೆ ಬೀಳುವ ಭಾರ ಕ್ಯಾರವಾನ್‌ನ ತುಂಬಿದ ತೂಕದ ಸುಮಾರು ಹತ್ತನೇ ಒಂದು ಭಾಗ ಇರಬೇಕು. ಭಾರದ ಸಾಮಾನು ಕೆಳಗೆ, ಚಕ್ರದ ಮೇಲ್ಭಾಗಕ್ಕೆ ಸರಿಯಾಗಿ ಇಡಿ. ಹಿಂದೆ ಪೇರಿಸಿದರೆ ಗಾಡಿ ಬಾಲ ಬೀಸಲು ಶುರು ಮಾಡುತ್ತದೆ. ಹಾಗೆ ಬೀಸಿದರೆ ಕಾರಿನ ಬ್ರೇಕ್ ಜೋರಾಗಿ ಒತ್ತಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಡ್ಯಾಶ್‌ಬೋರ್ಡಿನಲ್ಲಿರುವ ಕ್ಯಾರವಾನ್ ಬ್ರೇಕಿನ ಗುಂಡಿಯನ್ನು ಕೈಯಿಂದ ಒತ್ತಿ. ಆ ಗುಂಡಿ ಎಲ್ಲಿದೆ ಅಂತ ಬಾಡಿಗೆಗೆ ತಗೊಳ್ಳುವ ದಿನವೇ ಕೇಳಿ ತಿಳಿದುಕೊಳ್ಳಿ.

ಗಾಡಿ ಓಡುವಾಗ ಕ್ಯಾರವಾನ್ ಒಳಗೆ ಯಾರೂ ಇರುವಂತಿಲ್ಲ. ಅಜ್ಜಿಗೆ ಮಲಗಬೇಕು ಅನ್ನಿಸಿದರೂ ಕಾರಲ್ಲೇ. ಹಾಗಾಗಿ ಎಲ್ಲರಿಗೂ ಬೆಲ್ಟ್ ಸಮೇತ ಸೀಟು ಇದೆಯಾ ಅಂತ ಮೊದಲೇ ಎಣಿಸಿ.

ದಾರಿ

ಅಡಿಲೇಡ್‌ನಿಂದ ಎರಡು ದಾರಿ. ಒಂದು ಪೋರ್ಟ್ ಆಗಸ್ಟಾಗೆ ಹೋಗಿ, ಅಲ್ಲಿಂದ ಪಿಚಿ ರಿಚಿ ಕಣಿವೆ ದಾಟಿ ಕ್ವಾರ್ನ್, ಆಮೇಲೆ ಹಾಕರ್. ಇನ್ನೊಂದು ಕ್ಲೇರ್, ಜೇಮ್ಸ್‌ಟೌನ್, ಒರೊರೂ ಮೇಲೆ ಹಾಕರ್. ಎರಡನೆಯದರಲ್ಲಿ ಲಾರಿಗಳ ಓಡಾಟ ಕಡಿಮೆ. ಮೊದಲ ಸಲ ಕ್ಯಾರವಾನ್ ಎಳೆಯುವವರಿಗೆ ನನ್ನ ಮತ ಅದಕ್ಕೇ.

ಮೆಲ್ಬರ್ನ್‌ನಿಂದ ಬರುವವರು ಹಣ್ಣು, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲ ತುಂಬಿಕೊಂಡು ಹೊರಡಬೇಡಿ. ಹಣ್ಣು ನೊಣದ ಕಾರಣಕ್ಕೆ ದಕ್ಷಿಣ ಆಸ್ಟ್ರೇಲಿಯಾಕ್ಕೆ ಇವನ್ನು ತರುವುದು ನಿಷಿದ್ಧ. ಮಿಲ್ಡ್ಯೂರಾ ಕಡೆಯಿಂದ ಬಂದರೆ ಯಾಂಬಾದಲ್ಲಿ ತಪಾಸಣೆ ಇದೆ, ಸಿಕ್ಕರೆ ದಂಡ. ತರಕಾರಿ ಗಡಿ ದಾಟಿದ ಮೇಲೆ ಕೊಂಡುಕೊಳ್ಳಿ.

ಬೆಳಗ್ಗೆ ಏಳಕ್ಕೆ ಹೊರಡಿ. ಗಂಟೆಗೆ 90ರ ಆಸುಪಾಸಿನಲ್ಲಿ ಓಡಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ಮಧ್ಯಾಹ್ನ ಮೂರರ ಒಳಗೆ ಜಾಗ ಸೇರಲೇಬೇಕು ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ಮತ್ತು ಸಂಜೆ ಕಾಂಗರೂಗಳು ರಸ್ತೆಗೆ ಬರುತ್ತವೆ. ಎಮುಗಳು ಗಾಡಿಯ ಪಕ್ಕದಲ್ಲೇ ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ಅಡ್ಡ ತಿರುಗುತ್ತವೆ. ಹಿಂದೆ ಎರಡು ಟನ್ ಎಳೆಯುವಾಗ ತಕ್ಷಣ ನಿಲ್ಲಿಸಲು ಆಗುವುದಿಲ್ಲ ಅಲ್ವಾ, ಅದಕ್ಕೇ ಕತ್ತಲಾಗುವ ಹೊತ್ತಿಗೆ ನೀವು ರಸ್ತೆಯಲ್ಲಿ ಇರಬಾರದು.

ಕ್ವಾರ್ನ್ ದಾರಿಯಲ್ಲಿ ಬಂದರೆ ಕನ್ಯಾಕಾ ಅನ್ನುವ ಪಾಳುಬಿದ್ದ ಕುರಿ ಸಾಕಣೆಯ ಕಲ್ಲಿನ ಮನೆಗಳು ಸಿಗುತ್ತವೆ, ಅಲ್ಲಿ ಅರ್ಧ ಗಂಟೆ ಇಳಿಯಿರಿ. 1851ರಲ್ಲಿ ಅದನ್ನು ಶುರು ಮಾಡಿದ ಹ್ಯೂ ಪ್ರೋಬಿ ಅನ್ನುವ ಯುವಕ ಮರುವರ್ಷವೇ ವಿಲೊಕ್ರಾ ತೊರೆಯ ಪ್ರವಾಹದಲ್ಲಿ ಕೊಚ್ಚಿಹೋದ. ಇಷ್ಟು ಒಣ ಸೀಮೆಯಲ್ಲಿ ನೀರಿನಿಂದ ಸಾವು. ಇಲ್ಲಿನ ತೊರೆಗಳು ವರ್ಷಗಟ್ಟಲೆ ಒಣಗಿರುತ್ತವೆ, ಆದರೆ ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಸಾಕು, ಹೊತ್ತುಗೊತ್ತಿಲ್ಲದೆ ನುಗ್ಗುತ್ತವೆ. ದಾರಿಯಲ್ಲಿ ಎಲ್ಲಾದರೂ ಬಯಲಿನಲ್ಲಿ ತಂಗುವ ಮನಸ್ಸಾದರೂ ಒಣ ತೊರೆಯ ಮರಳಿನ ಮೇಲೆ ನಿಲ್ಲಿಸಲೇಬೇಡಿ.

ಹಾಕರ್‌ನಲ್ಲಿ ಟ್ಯಾಂಕ್ ತುಂಬಿಸಿ. ಕ್ಯಾರವಾನ್ ಎಳೆಯುವಾಗ ಕಾರು ಮಾಮೂಲಿಗಿಂತ ತುಂಬಾ ಜಾಸ್ತಿ ಕುಡಿಯುತ್ತದೆ. ಆಸ್ಪತ್ರೆ ಇರುವ ಹತ್ತಿರದ ಊರೂ ಇದೇ, ಎಲ್ಲಿದೆ ಅಂತ ಕಣ್ಣಲ್ಲಿ ನೋಡಿಟ್ಟುಕೊಳ್ಳಿ.

ಸೈಟಿಗೆ ಬಂದ ಮೇಲೆ ಮೊದಲ ಒಂದು ಗಂಟೆ

ಈ ಒಂದು ಗಂಟೆ ಸರಿಯಾಗಿ ಕಳೆದರೆ ಮುಂದಿನ ಮೂರು ದಿನ ನೆಮ್ಮದಿ. ಎಲ್ಲರಿಗೂ ಹಸಿವು, ಮಕ್ಕಳಿಗೆ ಬೇಜಾರು, ಗಂಡ ಹೆಂಡತಿ ಮಾತು ಬಿಗಿಯಾಗುವ ಹೊತ್ತು ಅದು. ಅದಕ್ಕೇ ಮೊದಲು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಕೋಡುಬಳೆಯೋ ಚಕ್ಕುಲಿಯೋ ಎಲ್ಲರ ಕೈಗೆ ಕೊಟ್ಟು, ಆಮೇಲೆ ಸೈಟನ್ನು ಒಂದು ಸುತ್ತು ನಡೆದು ನೋಡಿ. ಕರೆಂಟಿನ ಕಂಬ, ನಲ್ಲಿ ಯಾವ ಕಡೆ ಇವೆ? ಮೇಲೆ ಮರದ ಕೊಂಬೆ ಇದೆಯಾ? ರಿವರ್ ರೆಡ್ ಗಮ್ ಅನ್ನುವ ದೊಡ್ಡ ಮರಗಳು ಗಾಳಿ ಇಲ್ಲದ ದಿನವೂ ದಪ್ಪ ಕೊಂಬೆಗಳನ್ನು ಸುಮ್ನೆ ಉದುರಿಸುತ್ತವೆ. ನೆರಳು ಚೆನ್ನಾಗಿದೆ ಅಂತ ಅದರ ಬುಡದಲ್ಲಿ ನಿಲ್ಲಬೇಡಿ.

ಹಿಂದಕ್ಕೆ ತೆಗೆಯಲೇಬೇಕಾದರೆ ಕೈ ತೋರಿಸುವವರು ಒಬ್ಬರೇ ಇರಲಿ. ಅವರು ಚಾಲಕನಿಗೆ ಕನ್ನಡಿಯಲ್ಲಿ ಕಾಣುವ ಜಾಗದಲ್ಲೇ ನಿಂತಿರಬೇಕು. ಉಳಿದವರು, ಮುಖ್ಯವಾಗಿ ಮಕ್ಕಳು, ದೂರ ಒಂದು ಕಡೆ ಕೂತಿರಲಿ. ಸ್ಟೀರಿಂಗ್ ಚಕ್ರದ ಕೆಳಭಾಗವನ್ನು ಹಿಡಿದುಕೊಳ್ಳಿ: ಕೈ ಎಡಕ್ಕೆ ಹೋದರೆ ಕ್ಯಾರವಾನ್ ಹಿಂಭಾಗ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ. ಓರೆಯಾದರೆ ಮುಂದೆ ಬಂದು ಮತ್ತೆ ಶುರು ಮಾಡಿ, ಯಾರಿಗೂ ಅವಸರ ಇಲ್ಲ.

ಆಮೇಲಿನ ಕೆಲಸಗಳನ್ನು ಈ ವರಸೆಯಲ್ಲೇ ಮಾಡಿ:

1. ಕಾರು ಕಟ್ಟಿರುವಾಗಲೇ ಎಡ ಬಲ ಸಮ ಮಾಡಿ. ತಗ್ಗಿರುವ ಕಡೆಯ ಚಕ್ರವನ್ನು ಪ್ಲಾಸ್ಟಿಕ್ ರ‍್ಯಾಂಪ್ ಮೇಲೆ ಹತ್ತಿಸಿ. ಕಾರು ಬಿಚ್ಚಿದ ಮೇಲೆ ಇದು ಆಗುವುದಿಲ್ಲ. ಫೋನಿನಲ್ಲಿರುವ ಮಟ್ಟದ ಆ್ಯಪ್ ಸಾಕು.

2. ಕ್ಯಾರವಾನ್‌ನ ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಿ. ಇದಾಗುವ ತನಕ ಕಾರಿನ ಕೊಂಡಿ ಮುಟ್ಟಬೇಡಿ.

3. ಕ್ಯಾರವಾನ್ ಮುಂಭಾಗದ ಚಿಕ್ಕ ಚಕ್ರ, ಅಂದರೆ ಜಾಕಿ ವೀಲ್ ಇಳಿಸಿ, ವಿದ್ಯುತ್ ಪ್ಲಗ್ಗು, ಸರಪಳಿ ಬಿಚ್ಚಿ, ಕೊಂಡಿ ಕಳಚಿ, ಕಾರನ್ನು ಮುಂದಕ್ಕೆ ತೆಗೆಯಿರಿ. ಈಗ ಜಾಕಿ ವೀಲ್ ತಿರುಗಿಸಿ ಹಿಂದೆ ಮುಂದೆ ಸಮ ಮಾಡಿ.

4. ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಿ. ಇವು ಅಲ್ಲಾಡದಂತೆ ಹಿಡಿಯುವುದಕ್ಕೆ ಮಾತ್ರ, ಗಾಡಿಯನ್ನು ಎತ್ತುವುದಕ್ಕಲ್ಲ.

5. ಕರೆಂಟು, ನೀರು, ಹೊಲಸು ನೀರಿನ ಪೈಪು, ಕೊನೆಗೆ ಗ್ಯಾಸ್.

6. ಬಿಸಿಲಿಗೆ ಆನಿಂಗ್ (ಗಾಡಿಯ ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರ) ಬಿಚ್ಚಿ, ಹಗ್ಗ ಕಟ್ಟಿ.

ಸಮ ಮಾಡುವುದನ್ನು ಕೆಲವರು ಬಿಟ್ಟುಬಿಡುತ್ತಾರೆ. ಗ್ಯಾಸಿನಲ್ಲೂ ಓಡುವ ಹಳೆ ಮಾದರಿಯ ಫ್ರಿಜ್ ಓರೆಯಾಗಿ ನಿಂತರೆ ಸರಿಯಾಗಿ ತಂಪು ಮಾಡುವುದಿಲ್ಲ. ತಲೆ ಕೆಳಗೆ ಕಾಲು ಮೇಲೆ ಆಗಿ ಮಲಗಿದವರಿಗೆ ನಿದ್ದೆಯೂ ಬರುವುದಿಲ್ಲ.

ಕರೆಂಟಿನ ವಯರು 15 ಆಂಪಿಯರ್‌ನದು, ಅದರ ಪ್ಲಗ್ಗಿನ ಒಂದು ಪಿನ್ನು ಮನೆಯ ಪ್ಲಗ್ಗಿಗಿಂತ ಅಗಲ. ಸುರುಳಿ ಸುತ್ತಿಟ್ಟು ಬಳಸಬೇಡಿ, ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿ ಹರಡಿ. 15 ಆಂಪಿಯರ್ ಅಂದರೆ ಒಟ್ಟು 3,500 ವ್ಯಾಟ್ ಅಷ್ಟೇ. ಇಂಡಕ್ಷನ್ ಒಲೆ, ಕೆಟಲ್, ಎಸಿ ಮೂರನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಮಿಕ್ಸಿ ಹಾಕುವಾಗ ಕೆಟಲ್ ಆರಿಸಿ, ಅಷ್ಟು ಸಾಕು.

ನೀರಿಗೆ ಕುಡಿಯುವ ನೀರಿನದೇ ಪೈಪು ಬೇಕು, ತೋಟದ ಪೈಪಲ್ಲ, ನಲ್ಲಿಯ ಹತ್ತಿರ ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿ. ಈ ಕಡೆ ಬಹಳ ಜಾಗಗಳಲ್ಲಿ ಬೋರ್‌ವೆಲ್ ನೀರು, ಉಪ್ಪಿರುತ್ತದೆ. ಟ್ಯಾಂಕ್ ತುಂಬಿಸುವ ಮೊದಲು ಆಫೀಸಿನಲ್ಲಿ ಕೇಳಿ. ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಬೇರೆ ಕ್ಯಾನಿನಲ್ಲಿ ತಂದಿರಿ, ಒಂದು ದಿನದ್ದು ಹೆಚ್ಚುವರಿ.

ಕ್ಯಾರವಾನ್ ಕಕ್ಕಸಿನ ಕ್ಯಾಸೆಟ್ (ಹೊಲಸು ಸೇರುವ ಡಬ್ಬಿ) ನಾಲ್ಕೈದು ಜನಕ್ಕೆ ಬೇಗ ತುಂಬುತ್ತದೆ. ಹಗಲು ಎಲ್ಲರೂ ಪಾರ್ಕಿನ ಶೌಚಾಲಯಕ್ಕೆ ಹೋಗಲಿ, ಕ್ಯಾರವಾನಿನದು ರಾತ್ರಿ ಹೊತ್ತು ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ಅಂತ ಇಟ್ಟುಕೊಳ್ಳಿ. ಖಾಲಿ ಮಾಡುವುದು ಅದಕ್ಕೆಂದೇ ಇರುವ ಡಂಪ್ ಪಾಯಿಂಟಿನಲ್ಲಿ ಮಾತ್ರ, ಪೊದೆಯಲ್ಲೂ ಅಲ್ಲ, ಪಾರ್ಕಿನ ಕಕ್ಕಸಿನಲ್ಲೂ ಅಲ್ಲ.

ಅಡುಗೆ

ಒಗ್ಗರಣೆ ಹೊರಗೆ ಹಾಕಿ. ಕ್ಯಾರವಾನ್ ಚಿಕ್ಕದು, ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಹೊಗೆ ಅಲಾರಂ ಕೂಗುತ್ತದೆ, ವಾಸನೆ ಹಾಸಿಗೆಗೆ ಹತ್ತಿದರೆ ಮೂರು ದಿನ ಹೋಗುವುದಿಲ್ಲ. ಒಂದು ಬರ್ನರ್‌ನ ಸಣ್ಣ ಗ್ಯಾಸ್ ಒಲೆ ಮತ್ತು ಮಡಚುವ ಮೇಜು ತಂದಿದ್ದರೆ ಆನಿಂಗ್ ಕೆಳಗೇ ಅಡುಗೆಮನೆ ಆಗುತ್ತದೆ. ಚಳಿ ಅಂತ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಗ್ಯಾಸ್ ಒಲೆ ಉರಿಸಿ ಬೆಚ್ಚಗೆ ಮಾಡಿಕೊಳ್ಳುವುದು ಪ್ರಾಣಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದನ್ನು ಮನೆಯ ಎಲ್ಲರಿಗೂ ಬಿಡಿಸಿ ಹೇಳಿ.

ಮೊದಲ ರಾತ್ರಿಯ ಊಟ ಮನೆಯಿಂದಲೇ ಬರಲಿ. ಚಪಾತಿ, ಪಲ್ಯ, ಮೊಸರನ್ನ ಆದರೆ ಪಾತ್ರೆ ತೊಳೆಯುವ ನೀರೂ ಉಳಿಯುತ್ತದೆ. ಬೆಳಗ್ಗೆ ಅವಲಕ್ಕಿ ಎಷ್ಟು ಅನುಕೂಲ ಅಂತ ಇಂಥ ಕಡೆ ಗೊತ್ತಾಗುತ್ತದೆ: ನೆನೆಸಿದರೆ ಆಯ್ತು. ವಾಂಗಿಬಾತ್ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಂದೊಂದು ಡಬ್ಬಿ ಇದ್ದರೆ ಕುಕ್ಕರ್ ಒಂದು ಸಲ ಕೂಗಿಸಿ ಎರಡು ಹೊತ್ತಿನ ಊಟ ಮುಗಿಸಬಹುದು. ದೋಸೆ ಹಿಟ್ಟು ತರುವುದಾದರೆ ಮನೆಯಲ್ಲೇ ಹುಳಿ ಬರಿಸಿ ತನ್ನಿ, ಇಲ್ಲಿನ ಚಳಿ ರಾತ್ರಿಯಲ್ಲಿ ಅದು ಉಬ್ಬುವುದಿಲ್ಲ. ಸಂಜೆ ಉಳಿದ ಅನ್ನ, ಬ್ರೆಡ್ಡು ಹೊರಗೆ ಇಡಬೇಡಿ, ಕಾಂಗರೂಗಳಿಗೆ ತಿನ್ನಿಸಲೂ ಬೇಡಿ. ಮಕ್ಕಳಿಗೆ ಆಸೆ ಆಗುತ್ತದೆ, ಆದರೆ ಆ ಪ್ರಾಣಿಗಳಿಗೆ ಅದು ಒಗ್ಗುವುದಿಲ್ಲ.

ಬೆಂಕಿ ಹಾಕುವ ಆಸೆ ಇದ್ದರೆ ಮೊದಲು ಕೇಳಿ. ಬೇಸಿಗೆಯ ತಿಂಗಳುಗಳಲ್ಲಿ ಉದ್ಯಾನದೊಳಗೆ ಸೌದೆ ಬೆಂಕಿಗೆ ನಿಷೇಧ ಇರುತ್ತದೆ. ಪೂರ್ತಿ ಬೆಂಕಿ ನಿಷೇಧದ ದಿನ ಹೊರಗೆ ಗ್ಯಾಸ್ ಒಲೆ ಹಚ್ಚುವುದಕ್ಕೂ ನಿಯಮಗಳಿವೆ. ಉದ್ಯಾನದಲ್ಲಿ ಬಿದ್ದ ಕಟ್ಟಿಗೆ ಆರಿಸುವಂತಿಲ್ಲ. ಟೊಳ್ಳು ಮರದೊಳಗೆ ಹಲ್ಲಿ, ಹಕ್ಕಿಗಳ ಮನೆ ಇರುತ್ತದೆ. ಅನುಮತಿ ಇರುವ ದಿನ ಸೌದೆಯನ್ನು ಅಂಗಡಿಯಿಂದ ಕೊಳ್ಳಿ.

ಮೂರು ದಿನ ಏನು ಮಾಡುವುದು

ಬೆಳಗ್ಗೆ ಒಂದು ಕೆಲಸ, ಮಧ್ಯಾಹ್ನ ಏನೂ ಇಲ್ಲ. ಇಷ್ಟೇ ಯೋಜನೆ. ಮಧ್ಯಾಹ್ನದ ಆ ಖಾಲಿ ಹೊತ್ತನ್ನು ದಯವಿಟ್ಟು ತುಂಬಿಸಬೇಡಿ. ಮಕ್ಕಳು ಸೈಕಲ್ ಓಡಿಸಲಿ, ಅಪ್ಪ ಪಕ್ಕದ ಸೈಟಿನವರ ಜೊತೆ ಮಾತಿಗೆ ಕೂರಲಿ, ನೀವು ಮಲಗಿ.

ವಿಲ್ಪೀನಾದಲ್ಲಿ ತೊರೆಯ ಪಕ್ಕದ ದಾರಿ ಹಿಡಿದು ಪೌಂಡ್‌ನ ಒಳಕ್ಕೆ ನಡೆದರೆ ಹಿಲ್ ಕುಟುಂಬದ ಹಳೆ ಮನೆ ಸಿಗುತ್ತದೆ. ಅವರು ಇಲ್ಲಿ ಗೋಧಿ ಬೆಳೆಯಲು ನೋಡಿದ್ದರು. 1914ರ ಪ್ರವಾಹದಲ್ಲಿ ಅವರು ಕಷ್ಟಪಟ್ಟು ಮಾಡಿಕೊಂಡಿದ್ದ ರಸ್ತೆಯೇ ಕೊಚ್ಚಿಹೋಯಿತು, ಅಲ್ಲಿಗೆ ಬಿಟ್ಟುಹೋದರು. ನೆರಳಿರುವ ದಾರಿ, ಅಲ್ಲಿತನಕ ಹೆಚ್ಚು ಏರಿಲ್ಲ. ಗಟ್ಟಿಮುಟ್ಟಾದವರು ಅಲ್ಲಿಂದ ವಾಂಗಾರಾ ಲುಕೌಟ್‌ಗೆ ಹತ್ತಬಹುದು, ಉಳಿದವರು ಮನೆಯ ಹತ್ತಿರ ಕೂತು ಕಾಯಲಿ.

ಇದು ಅಡ್ನ್ಯಾಮಥನ್ಹಾ ಅನ್ನುವ ಮೂಲನಿವಾಸಿ ಜನರ ನೆಲ, ಉದ್ಯಾನವನ್ನು ನೋಡಿಕೊಳ್ಳುವುದರಲ್ಲೂ ಅವರಿದ್ದಾರೆ. ಆರ್ಕಾರೂ ರಾಕ್‌ನಲ್ಲಿ ಪೌಂಡ್ ಹೇಗಾಯಿತು ಅನ್ನುವ ಅವರ ಕಥೆಯನ್ನು ಬಂಡೆಯ ಮೇಲೆ ಕೆಮ್ಮಣ್ಣು, ಇದ್ದಿಲಿನಲ್ಲಿ ಬರೆದಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಮುಟ್ಟದೆ ನೋಡಲು ಹೇಳಿ. ಸೇಂಟ್ ಮೇರಿ ಶಿಖರದ ತುದಿಗೆ ಹತ್ತಬೇಡಿ ಅನ್ನುವುದು ಅವರ ಕೋರಿಕೆ. ನಮ್ಮಲ್ಲಿ ಗರ್ಭಗುಡಿಯ ಹೊಸ್ತಿಲಲ್ಲಿ ನಿಲ್ಲುವುದು ರೂಢಿ ಇರುವ ಜನರಿಗೆ ಇದು ಅರ್ಥವಾಗದ ಮಾತಲ್ಲ.

ಇನ್ನೊಂದು ಬೆಳಗ್ಗೆ ಕ್ಯಾರವಾನ್ ಇಲ್ಲೇ ಬಿಟ್ಟು ಕಾರಿನಲ್ಲಿ ಬ್ರಾಚಿನಾ ಕಣಿವೆಗೆ ಹೋಗಿ. ಮಣ್ಣಿನ ರಸ್ತೆ, ಹಾಗಾಗಿ ಬಾಡಿಗೆ ಕಾರಿಗೆ ಅನುಮತಿ ಇದೆಯಾ ನೋಡಿ, ಮಳೆ ಬಂದಿದ್ದರೆ ರಸ್ತೆ ತೆರೆದಿದೆಯಾ ಕೇಳಿ. ಅಲ್ಲಿ ಬಂಡೆಗಳ ನಡುವೆ ಹಳದಿ ಕಾಲಿನ ವಾಲಬಿಗಳು (ಕಾಂಗರೂ ಜಾತಿಯ ಚಿಕ್ಕ ಪ್ರಾಣಿಗಳು) ಕಾಣಬಹುದು, ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಪ್ರಾಣಿಗಳು ಮೊದಲ ಬಾರಿ ಹುಟ್ಟಿದ ಕಾಲದ ಗುರುತುಗಳು ಈ ಬೆಟ್ಟಗಳಲ್ಲಿವೆ. 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಎಡಿಯಾಕರಾ ಗುಡ್ಡಗಳಲ್ಲಿ ಮೆತ್ತನೆ ಮೈಯ ಜೀವಿಗಳ ಅಚ್ಚುಗಳನ್ನು ಕಂಡರು. ಭೂಮಿಯ ಚರಿತ್ರೆಯ ಒಂದು ಕಾಲಘಟ್ಟಕ್ಕೆ 2004ರಲ್ಲಿ ಎಡಿಯಾಕರನ್ ಅಂತ ಹೆಸರಾಯಿತು, ಅದರ ಆರಂಭವನ್ನು ಗುರುತಿಸುವ ಬಿಲ್ಲೆ ಇದೇ ಕಣಿವೆಯ ಬಂಡೆಯಲ್ಲಿದೆ. ಡೈನೋಸಾರ್ ಹುಚ್ಚಿರುವ ಮಗುವಿಗೆ ಡೈನೋಸಾರ್‌ಗಿಂತ ಮೂವತ್ತು ಕೋಟಿ ವರ್ಷಕ್ಕೂ ಹಿಂದಿನ ಜೀವಿ ಇದು ಅಂತ ಹೇಳಿ, ಮುಖ ನೋಡಿ.

ರಾತ್ರಿ

ಹೊರಗಿನ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಕೊಡಿ. ಊರಿಂದ ಬಂದ ಅಜ್ಜ ಅಜ್ಜಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ. ಜೂನ್ ತಿಂಗಳ ಸಂಜೆ ದಕ್ಷಿಣಕ್ಕೆ ಎತ್ತರದಲ್ಲಿ ಸದರ್ನ್ ಕ್ರಾಸ್ ಇರುತ್ತದೆ, ನಮ್ಮವರು ತ್ರಿಶಂಕು ಅನ್ನುವ ನಕ್ಷತ್ರಗಳು ಅವೇ. ಕರ್ನಾಟಕದಲ್ಲಿ ಅದು ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣದ ಅಂಚಿಗೆ ಹತ್ತಿರ ಕಾಣುತ್ತದೆ. ಧ್ರುವ ನಕ್ಷತ್ರ ಇಲ್ಲಿ ಕಾಣುವುದೇ ಇಲ್ಲ. ಯಾಕೆ ಅಂತ ಮೊಮ್ಮಕ್ಕಳಿಗೆ ಅಜ್ಜನೇ ಹೇಳಲಿ.

ಮಲಗುವ ಮೊದಲು ಆನಿಂಗ್ ಸುತ್ತಿಡಿ. ರಾತ್ರಿ ಬೆಟ್ಟದಿಂದ ಇಳಿಯುವ ಗಾಳಿ ಅದನ್ನು ಕಿತ್ತು ಹಾಕಬಲ್ಲದು. ಚಪ್ಪಲಿ, ಬೂಟು ಒಳಗಿಡಿ, ಬೆಳಗ್ಗೆ ಒದರಿ ಹಾಕಿ. ಕತ್ತಲಲ್ಲಿ ಹೊರಗೆ ಹೋಗುವಾಗ ಎಲ್ಲರಿಗೂ ಟಾರ್ಚ್, ಮುಚ್ಚಿದ ಬೂಟು. ಹಿರಿಯರಿಗೆ ಮೆಟ್ಟಿಲು ಎತ್ತರ ಅನ್ನಿಸಿದರೆ ಅಡಿಗೆ ಇನ್ನೊಂದು ಪ್ಲಾಸ್ಟಿಕ್ ಮೆಟ್ಟಿಲು ಇಡಿ. ಫೋನಿಗೆ ಟೆಲ್‌ಸ್ಟ್ರಾ ಕಂಪನಿಯದು ಬಿಟ್ಟರೆ ಉಳಿದ ಸಿಮ್‌ಗಳನ್ನು ನಂಬಿಕೊಂಡು ಹೋಗಬೇಡಿ, ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ. ತುರ್ತಿಗೆ ಸಂಖ್ಯೆ 000.

ಹೊರಡುವ ಬೆಳಗ್ಗೆ

ಬಂದಾಗ ಮಾಡಿದ್ದನ್ನೆಲ್ಲ ಹಿಂದುಮುಂದಾಗಿ ಮಾಡಿ. ಗ್ಯಾಸ್ ಬಂದ್, ಚಾವಣಿಯ ಕಿಟಕಿ ಬಂದ್, ಫ್ರಿಜ್ ಚಿಲಕ, ಕಪಾಟುಗಳ ಚಿಲಕ, ಕರೆಂಟಿನ ವಯರು, ನೀರಿನ ಪೈಪು, ಮೂಲೆ ಕಾಲುಗಳು, ಮೆಟ್ಟಿಲು. ಮಕ್ಕಳಿಗೆ ಒಂದೊಂದು ಕೆಲಸ ಹಂಚಿ, ಮುಗಿದ ಮೇಲೆ ನೀವೇ ಒಂದು ಸುತ್ತು ಬಂದು ಕಣ್ಣಾರೆ ನೋಡಿ. ಕೊಂಡಿ ಕೂತ ಮೇಲೆ ಸರಪಳಿಗಳನ್ನು ಕೆಳಗೆ ಒಂದಕ್ಕೊಂದು ಅಡ್ಡ ಬರುವಂತೆ ಹಾಕಿ, ಜಾಕಿ ವೀಲ್ ಎತ್ತಿ, ಕೊನೆಯಲ್ಲಿ ಚಕ್ರದ ಅಡ್ಡ ತೆಗೆದು ಹ್ಯಾಂಡ್ ಬ್ರೇಕ್ ಇಳಿಸಿ. ಒಬ್ಬರು ಹಿಂದೆ ನಿಂತು ಬ್ರೇಕ್ ದೀಪ, ಇಂಡಿಕೇಟರ್ ನೋಡಲಿ.

ಹಾಕರ್‌ನಲ್ಲಿ ಎಣ್ಣೆ ಹಾಕಿಸುವಾಗ ಚಕ್ರದ ನಟ್ಟುಗಳ ಬಿಗಿ ನೋಡಿ, ಕ್ಯಾರವಾನ್‌ನ ಪ್ರತಿ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿಯಿರಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಹೋಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅಲ್ಲೇ ತೋರಿಸಿ ಮುಂದೆ ಹೋಗಿ, ಯಾಕೆಂದರೆ ಅಲ್ಲಿಂದ ಕ್ವಾರ್ನ್ ತನಕ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ ಗಾಡಿ ರಿಪೇರಿ ಮಾಡುವವರು ಸಿಗುವುದಿಲ್ಲ.